ಊದುವ ಕೈಗಳ ಅಳತೆಗಾರ್ತಿ

ಆಸ್ಪತ್ರೆಯ ಹಿಂಬದಿ ಕಟ್ಟಡದಲ್ಲಿ ಇನ್ನೂ ಎಲ್ಲ ದೀಪಗಳು ಹೊತ್ತಿಲ್ಲ. ಒರೆಸಿದ ನೆಲ ಆರುವ ಮೊದಲೇ ಅವರು ಬಂದು, ನೀಲಿ ಕೋಟಿನ ತೋಳು ಮಡಚಿ, ಮೂಲೆಯಲ್ಲಿರುವ ಎತ್ತರದ ಗಾಜಿನ ತೊಟ್ಟಿಗೆ ನೀರು ತುಂಬುತ್ತಿದ್ದಾರೆ. ಮೊದಲು ತಣ್ಣೀರು, ಮೇಲೆ ಕೆಟಲಿನಿಂದ ಬಿಸಿನೀರು. ಹಸುಗೂಸಿನ ಸ್ನಾನಕ್ಕೆ ನೋಡುವ ಹಾಗೆ ಮೊಣಕೈ ಅದ್ದಿ ನೋಡುತ್ತಾರೆ. ಸಮಾಧಾನವಾಗುವುದಿಲ್ಲ. ಕೆಟಲನ್ನು ಮತ್ತೆ ಹಚ್ಚುತ್ತಾರೆ.

"ತಣ್ಣಗಿದ್ರೆ ಕೈ ಇಳಿಸಿದ ತಕ್ಷಣ ಮೈ ಬಿಗಿ ಹಿಡೀತಾರೆ, ಭುಜ ಮೇಲಕ್ಕೆ ಹೋಗುತ್ತೆ, ಅಳತೆ ತಪ್ಪುತ್ತೆ," ಎನ್ನುತ್ತಾರೆ. "ಅಳತೆ ಹಾಗಿರ್ಲಿ, ಬೆಳಗಾಗೆದ್ದು ಅಷ್ಟು ದೂರದಿಂದ ಬಂದೋರಿಗೆ ತಣ್ಣೀರು ಯಾಕೆ ಹೇಳಿ," ಎಂದು ಸೇರಿಸುತ್ತಾರೆ.

ಇಲ್ಲಿಗೆ ಬರುವ ಹೆಂಗಸರೆಲ್ಲ ಅವರನ್ನು ಟೇಪಕ್ಕ ಎಂದು ಕರೆಯುತ್ತಾರೆ. ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿದವರ ತೋಳುಗಳನ್ನು ಅಳೆಯುವುದು ಟೇಪಕ್ಕನ ಕೆಲಸ. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಾಗ, ಅವುಗಳ ಮೂಲಕ ಹರಿದುಹೋಗಬೇಕಾದ ದ್ರವಕ್ಕೆ ಕೆಲವರಲ್ಲಿ ದಾರಿ ಸಾಲದೆ ಅದು ತೋಳಿನಲ್ಲೇ ನಿಲ್ಲುತ್ತದೆ. ಕೈ ಊದುತ್ತದೆ, ಭಾರವಾಗುತ್ತದೆ. ಇದಕ್ಕೆ ಲಿಂಫೆಡಿಮಾ ಎಂದು ಹೆಸರು. ಕೆಲವರಿಗೆ ಬೇಗ, ಕೆಲವರಿಗೆ ವರ್ಷಗಳ ಮೇಲೆ, ಅನೇಕರಿಗೆ ಬರುವುದೇ ಇಲ್ಲ. ಬಂದು ಬೇರೂರಿದರೆ ಪೂರ್ತಿ ಹೋಗುವುದು ಕಷ್ಟ. ಊತ ಕಣ್ಣಿಗೆ ಬೀಳುವ ಮೊದಲೇ ಅದನ್ನು ಅಳತೆಯಲ್ಲಿ ಹಿಡಿದು, ತೋಳಿಗೆ ಬಿಗಿಯಾದ ಎಲಾಸ್ಟಿಕ್ ಬಟ್ಟೆಯ ಸ್ಲೀವ್ ತೊಡಿಸಿದರೆ ತಡೆಯಬಹುದೇ ಎಂಬುದು ಈ ಕೊಠಡಿಯಲ್ಲಿ ನಡೆದ ಸಂಶೋಧನೆಯ ಪ್ರಶ್ನೆ.

ಮೊದಲ ತೋಳು ನೀರಿಗಿಳಿಯುತ್ತದೆ. ತೊಟ್ಟಿಯ ಮೂತಿಯಿಂದ ಹೊರಚೆಲ್ಲಿದ ನೀರು ಜಾಡಿಗೆ ಬೀಳುತ್ತದೆ. ಎಷ್ಟು ನೀರು ಚೆಲ್ಲಿತೋ ಅಷ್ಟು ತೋಳಿನ ಗಾತ್ರ. ಆಮೇಲೆ ಒಳ್ಳೆಯ ತೋಳಿನ ಸರದಿ. ನಂತರ ಟೇಪು: ಮಣಿಕಟ್ಟು, ಮುಂಗೈ, ಮೊಣಕೈ, ರಟ್ಟೆ. ಮಧ್ಯಾಹ್ನದೊಳಗೆ ಹತ್ತಿಪ್ಪತ್ತು ಜನ. ಪ್ರತಿಯೊಬ್ಬರಿಗೂ ಬಗ್ಗಬೇಕು, ಪ್ರತಿಯೊಬ್ಬರಿಗೂ ಎರಡೆರಡು ಸಲ.

"ಅವರು ಜಾಡಿ ನೋಡಲ್ಲ, ಟೇಪ್ ನೋಡಲ್ಲ. ನನ್ನ ಮುಖ ನೋಡ್ತಾರೆ. ಅದಕ್ಕೇ ಮುಖ ಕಲ್ಲು ಮಾಡ್ಕೊಂಡು ನಿಲ್ಲೋದು ಕಲಿತೆ. ಸೊಂಟಕ್ಕಿಂತ ಜಾಸ್ತಿ ದಣಿಯೋದು ಈ ಮುಖಾನೇ."

ಟೇಪು ಅವರ ಕೈಗೆ ಬಂದದ್ದು ಬಟ್ಟೆ ಕಾರ್ಖಾನೆಯಲ್ಲಿ. ಹೊಲಿದು ಬಂದ ಅಂಗಿಗಳ ಕಾಲರು, ತೋಳು ಅಳೆದು ದಾಟಿಸುವ ಮೇಜಿನಲ್ಲಿ ಹರೆಯವೆಲ್ಲ ಕಳೆಯಿತು. ಕಾರ್ಖಾನೆ ಬಾಗಿಲು ಹಾಕಿದಾಗ ಇಲ್ಲಿ ಆಯಾ ಕೆಲಸಕ್ಕೆ ಸೇರಿದರು. ಸಂಶೋಧನೆ ಶುರುವಾದಾಗ, ಅದರ ಹೊಣೆ ಹೊತ್ತ ಡಾಕ್ಟರು ಇವರ ಹಳೆಯ ಕೆಲಸ ಕೇಳಿ ತಿಳಿದು, ಜೊತೆಗೆ ಕೂರಿಸಿಕೊಂಡು ಈ ವಿದ್ಯೆ ಕಲಿಸಿದರು. "ಅಂಗಿ ಅಳೆಯೋದು ಸುಲಭ ಇತ್ತು. ಅದು ಹೆಚ್ಚುಕಮ್ಮಿ ಆದ್ರೆ ಬಿಚ್ಚಿ ಹೊಲೀಬಹುದು," ಎಂದು ಟೇಪಕ್ಕ ನಗುತ್ತಾರೆ. ಅವರ ಗಂಡ ಬಸ್ ಚಾಲಕರು. ಅವರದ್ದೊಂದು ಮಾತು ಆಸ್ಪತ್ರೆಯಲ್ಲೆಲ್ಲ ಓಡಾಡಿದೆ: "ಕೈ ಹಿಡಿದದ್ದು ನನ್ನದು, ಈಗ ಊರೋರ ಕೈಯೆಲ್ಲ ಹಿಡ್ಕೊಂಡು ಕೂತಿರ್ತಾಳೆ. ನನ್ನ ಸರದಿ ಬರೋ ಹೊತ್ತಿಗೆ ಗೊರಕೆ."

ಕ್ಯಾನ್ಸರ್ ವಾಸಿಯಾದ ಮೇಲಿನ ಬದುಕು ಈ ಬೆಂಚುಗಳ ಮೇಲೆ ಕೂತಿರುತ್ತದೆ. ಒಬ್ಬರು ಶಿಕ್ಷಕಿ, ಬೋರ್ಡಿನ ಮೇಲ್ತುದಿಗೆ ಕೈ ಎತ್ತಲಾಗದೆ ಕೆಳಗರ್ಧದಲ್ಲೇ ಪಾಠ ಮುಗಿಸುತ್ತಾರೆ. ಇನ್ನೊಬ್ಬರು ಮೊಮ್ಮಗುವನ್ನು ಎತ್ತಿಕೊಳ್ಳದೆ ಮಡಿಲಿಗೇ ಕರೆಯುತ್ತಾರೆ. ಮೊದಲ ತಿಂಗಳುಗಳಲ್ಲಿ ಹಣ್ಣು ಹಿಡಿದು ನೋಡಲು ಬಂದ ನೆಂಟರು ಈಗ ಬರುವುದಿಲ್ಲ. "ಕಾಯಿಲೆ ಹೋಯ್ತಲ್ಲ, ಇನ್ನೇನು ಅಂತ ಮನೇಲಿ ಕೇಳ್ತಾರಂತೆ," ಎನ್ನುತ್ತಾರೆ ಟೇಪಕ್ಕ. "ಇನ್ನೇನು ಅನ್ನೋದನ್ನ ಇಲ್ಲಿ ಬಂದು ಹೇಳ್ಕೋತಾರೆ. ನಾನು ಹೂಂ ಅಂತೀನಿ. ಅಷ್ಟರಲ್ಲಿ ಜಾಡಿ ತುಂಬಿರುತ್ತೆ."

ಹಾಗೆ ಬಂದು ಕೂತವರಲ್ಲಿ ಒಬ್ಬರು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ ಹೆಂಗಸು. ಮಾತು ಜೋರು, ನಗು ಇನ್ನೂ ಜೋರು. ಸಂಶೋಧನೆಗೆ ಸೇರಿದವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿನವರಿಗೆ ಅಳತೆ ಸ್ವಲ್ಪ ಏರಿದರೂ ಸ್ಲೀವ್. ಇನ್ನೊಂದು ಗುಂಪಿನವರಿಗೆ, ಆಗಿನ ವಾಡಿಕೆಯಂತೆ, ಊತ ಗೊತ್ತುಮಾಡಿದ ಗೆರೆ ದಾಟಿದ ಮೇಲೆ. ಯಾವುದು ಮೇಲೆಂದು ಆಗ ಯಾರಿಗೂ ಖಾತ್ರಿಯಿರಲಿಲ್ಲ. ಬೇಕರಿಯಾಕೆ ಬಿದ್ದದ್ದು ಎರಡನೆಯ ಗುಂಪಿಗೆ.

ಬಂದಾಗಲೆಲ್ಲ ಆಕೆಯ ಬಲಗೈಯ ಅಳತೆ ಸ್ವಲ್ಪ ಸ್ವಲ್ಪವೇ ಏರುತ್ತಿತ್ತು. ಟೇಪಕ್ಕ ಡಾಕ್ಟರಿಗೆ ಹೇಳಿದರು. ಡಾಕ್ಟರು ಆಕೆಯನ್ನು ಕೂರಿಸಿಕೊಂಡು, ಬೇಕಾದರೆ ಇವತ್ತೇ ಸಂಶೋಧನೆ ಬಿಡಬಹುದು, ಸ್ಲೀವ್ ಕೊಡುತ್ತೇವೆ, ಯಾರೂ ಏನೂ ಅನ್ನುವುದಿಲ್ಲ ಎಂದು ಬಿಡಿಸಿ ಹೇಳಿದರು. ಆಕೆ ಒಪ್ಪಲಿಲ್ಲ. "ಈಗ ಬಿಟ್ರೆ ಇಷ್ಟು ದಿನ ಬಂದದ್ದು ನೀರುಪಾಲಲ್ವಾ," ಅಂದರು. ಹೊರಗೆ ಬಂದ ಮೇಲೆ ಟೇಪಕ್ಕನ ಕಿವಿಯಲ್ಲಿ ಇನ್ನೊಂದು ಕಾರಣ ಹೇಳಿದರು: "ಅದನ್ನ ಹಾಕ್ಕೊಂಡು ಹಿಟ್ಟಿಗೆ ಕೈ ಹಾಕೋದು ಹೇಗಕ್ಕ? ಯಜಮಾನ್ರು ನೋಡಿದ್ರೆ ನನ್ನ ಕಥೆ ಮುಗೀತು."

ಒಂದು ಬೆಳಿಗ್ಗೆ ಆಕೆಯ ಅಳತೆ ಗೆರೆಗೆ ಕೂದಲೆಳೆಯಷ್ಟು ಕೆಳಗೆ ಬಂದು ನಿಂತಿತು. ಆ ಬೆಳಗಿನ ಬಗ್ಗೆ ಹೇಳುವಾಗ ಟೇಪಕ್ಕ ಕೆಲಸ ನಿಲ್ಲಿಸಿ ಸ್ಟೂಲಿನ ಮೇಲೆ ಕೂರುತ್ತಾರೆ. "ನೀರಿಗೆ ನನ್ನ ಬೆರಳು ತಾಗಿಸಿದ್ರೆ ಸಾಕಿತ್ತು. ಇನ್ನೊಂದಿಷ್ಟು ಜಾಡಿಗೆ ಬೀಳ್ತಿತ್ತು. ಅವಳಿಗೆ ಬೇಕೋ ಬೇಡ್ವೋ, ಗೆರೆ ದಾಟಿದ್ರೆ ಡಾಕ್ಟ್ರು ತೊಡಿಸೋರೇ. ಕೈ ಅಲ್ಲೀವರೆಗೂ ಹೋಗಿತ್ತು. ವಾಪಸ್ ತಗೊಂಡೆ. ಇವತ್ತು ಇವಳಿಗೆ ಅಂತ ಬೆರಳಿಟ್ರೆ ನಾಳೆ ಇನ್ನೊಬ್ಬಳಿಗೆ ಇಡ್ತೀನಿ. ಆಮೇಲೆ ಈ ತೊಟ್ಟಿ ಯಾತಕ್ಕೆ, ನಾನು ಯಾತಕ್ಕೆ."

ಮುಂದಿನ ಅಳತೆಗೆ ಆಕೆ ಬರಲಿಲ್ಲ. ಬೇಕರಿಯ ಬಿಸಿ ತಟ್ಟೆ ತಾಗಿ ಆ ಕೈಯ ಮೇಲೆ ಸಣ್ಣ ಬೊಬ್ಬೆ ಎದ್ದಿತ್ತು, ಅದರಿಂದ ಸೋಂಕು ಹೊಕ್ಕಿತ್ತು. ತೋಳೆಲ್ಲ ಕೆಂಪಗೆ ಉರಿದು, ಚಳಿಜ್ವರ ಹತ್ತಿ, ಇದೇ ಆಸ್ಪತ್ರೆಯ ಮುಂಭಾಗದ ವಾರ್ಡಿಗೆ ಸೇರಿದರು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಜ್ವರ ಇಳಿದರೂ ಕೈ ಇಳಿಯಲಿಲ್ಲ.

ಅದಾಗಿ ಹೆಚ್ಚು ಕಾಲ ಕಳೆದಿರಲಿಲ್ಲ. ಅಳತೆಗಳನ್ನು ಹೊರಗಿನಿಂದ ಪರಿಶೀಲಿಸುತ್ತಿದ್ದ ಸಮಿತಿ, ಎರಡು ಗುಂಪುಗಳ ನಡುವಿನ ವ್ಯತ್ಯಾಸ ಸ್ಪಷ್ಟವಾಗಿದೆ, ಇನ್ನು ಯಾರನ್ನೂ ಕಾಯಿಸುವುದು ಬೇಡ ಎಂದಿತು. ಈಗ ಇಲ್ಲಿ ಅಳತೆ ಏರಿದ ಎಲ್ಲರಿಗೂ ಅಂದೇ ಸ್ಲೀವ್. ಡಾಕ್ಟರಿಗೆ ಇದರ ಬಗ್ಗೆ ಮಾತಾಡಲು ಹೆಚ್ಚು ಉತ್ಸಾಹವಿಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಾರೆ. "ಮೊದಲೇ ಹಾಕಿದ್ರೆ ಆಕೆಗೆ ಆ ಸೋಂಕು ತಪ್ತಿತ್ತಾ? ಗೊತ್ತಿಲ್ಲ. ಆ ಗೊತ್ತಿಲ್ಲ ಅನ್ನೋದನ್ನ ಹೊತ್ಕೊಂಡೇ ಅಕ್ಕನೂ ನಾನೂ ದಿನಾ ಬಾಗಿಲು ತೆಗೀತೀವಿ."

ಟೇಪಕ್ಕ ಒಂದು ಸಂಜೆ ಬೇಕರಿಯ ಹಿಂದಿನ ಓಣಿಯಲ್ಲಿರುವ ಆಕೆಯ ಮನೆಗೆ ಹೋದರು. ಬೆರಳಿನ ವಿಷಯ, ಇಡಬಹುದಾಗಿತ್ತು, ಇಡಲಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಬೇಕರಿಯಾಕೆ ಗೋಡೆಗೊರಗಿ, ದಿಂಬಿನ ಮೇಲೆ ಕೈಯಿಟ್ಟುಕೊಂಡು, ಕೊನೆತನಕ ಕೇಳಿಸಿಕೊಂಡರು.

"ಹೇಳಿ ನಿಮ್ಮ ಭಾರ ಇಳಿಸ್ಕೊಂಡ್ರಿ. ನನ್ನ ಕೈ ಭಾರ ಯಾರು ಇಳಿಸ್ತಾರಕ್ಕ?"

ಟೇಪಕ್ಕನಿಗೆ ಎದ್ದು ಹೊರಡಲು ಆಗಲಿಲ್ಲ. ಒಲೆಯ ಮೇಲಿಟ್ಟ ಹಾಲು ಉಕ್ಕಿದಾಗ ಎದ್ದು ಹೋಗಿ ಇಳಿಸಿ ಬಂದರು. ಆಗ ಬೇಕರಿಯಾಕೆಯೇ, "ಊತ ಇಳಿಸೋ ಪಟ್ಟಿ ಸುತ್ತೋಕೆ ಬರುತ್ತಾ ನಿಮಗೆ? ನರ್ಸಮ್ಮ ಸುತ್ತಿದ್ದು ಜಾರಿದೆ," ಅಂದರು.

ಅಂದಿನಿಂದ ಕೆಲಸ ಮುಗಿಸಿ ವಾರಕ್ಕೊಂದೆರಡು ಸಂಜೆ ಟೇಪಕ್ಕ ಆ ಓಣಿಗೆ ಹೋಗುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದ ನಾನೂ ಒಂದು ಸಂಜೆ ಜೊತೆಗೆ ಹೋಗುತ್ತೇನೆ. ಮೊದಲು ಚರ್ಮಕ್ಕೆ ಎಣ್ಣೆ, ಆಮೇಲೆ ಹತ್ತಿ, ಅದರ ಮೇಲೆ ಬೆರಳುಗಳಿಂದ ಭುಜದ ತನಕ ಪದರ ಪದರವಾಗಿ ಪಟ್ಟಿ. ಸುತ್ತುವವರ ಸೊಂಟ ಹಿಡಿಯುತ್ತದೆ, ಸುತ್ತಿಸಿಕೊಳ್ಳುವವರ ಸಹನೆ ಮುಗಿಯುತ್ತದೆ. ಇಬ್ಬರೂ ದಣಿದಿದ್ದಾರೆ, ಇಬ್ಬರೂ ಆಕಳಿಸುತ್ತಾರೆ.

"ಮೆಲ್ಲಗೆ ಅಕ್ಕ, ಇದು ಕೈ, ಹಾಸಿಗೆ ಸುರುಳಿ ಅಲ್ಲ."

"ನೀನು ಸುಮ್ನೆ ಕೂತ್ರೆ ಕೈ. ಹೀಗೆ ಒದ್ದಾಡಿದ್ರೆ ಸುರುಳಿನೇ."

ಬೇಕರಿಯ ಯಜಮಾನರು ಕೆಲಸದಿಂದ ತೆಗೆಯಲಿಲ್ಲ. ಆದರೆ ನಾದುವುದರಿಂದ ಬಿಡಿಸಿ ಅಂಗಡಿಯ ಮುಂದೆ ನಿಲ್ಲಿಸಿದ್ದಾರೆ. "ಹಿಟ್ಟು ಕೈಗೆ ಅಂಟೋದು ಬಿಟ್ಟಾಗ ಒಂದು ಖುಷಿ ಆಗ್ತಿತ್ತು," ಎನ್ನುತ್ತಾರೆ ಬೇಕರಿಯಾಕೆ. "ಈಗ ಬರೀ ಪೊಟ್ಟಣ ಕಟ್ಟೋದು. ಕೈ ಸ್ವಲ್ಪ ಇಳಿದಿದೆ, ಇಲ್ಲ ಅನ್ನಲ್ಲ. ಮೊದಲಿನ ಹಾಗೆ ಆಗಲ್ಲ ಅಂತ ಇವರೂ ಹೇಳಿದಾರೆ, ಸುಳ್ಳು ಹೇಳಿಲ್ಲ." ಟೇಪಕ್ಕ ಪಟ್ಟಿಯ ತುದಿಗೆ ಅಂಟುಪಟ್ಟಿ ಹಚ್ಚುತ್ತ ತಲೆ ಎತ್ತುವುದಿಲ್ಲ.

ಮಾರನೆಯ ಬೆಳಿಗ್ಗೆ ತಪಾಸಣೆಗೆಂದು ಬೇಕರಿಯಾಕೆ ಅಳತೆ ಕೊಠಡಿಯ ಬೆಂಚಿನ ಮೇಲೆ ಕೂತಿದ್ದಾರೆ. ಅವರಿಗಿಂತ ಮೊದಲು ಒಬ್ಬ ಎಳೆ ಹೆಂಗಸಿನ ಸರದಿ. ಕೂದಲು ಈಗಷ್ಟೇ ಮತ್ತೆ ಬೆಳೆಯುತ್ತಿದೆ. ಜಾಡಿಯ ನೀರನ್ನು ಟೇಪಕ್ಕ ಎರಡು ಸಲ ನೋಡುತ್ತಾರೆ, ಟೇಪನ್ನು ಎರಡು ಸಲ ಸುತ್ತುತ್ತಾರೆ. ನೋಡಲು ಊತವೇ ಕಾಣದ ಆ ತೋಳಿನ ಅಳತೆ ಸ್ವಲ್ಪ ಏರಿದೆ. ಹೇಳಿದ ಕೂಡಲೇ ಹುಡುಗಿಯ ಕಣ್ಣು ತುಂಬುತ್ತದೆ. ಟೇಪಕ್ಕ ಕಪಾಟಿನಿಂದ ಸ್ಲೀವ್ ತಂದು, ರಬ್ಬರ್ ಗ್ಲೌಸ್ ಹಾಕಿಕೊಂಡು, ಮಡಿಕೆ ಬೀಳದ ಹಾಗೆ ಅಂಗುಲ ಅಂಗುಲವಾಗಿ ಮೇಲಕ್ಕೆ ಸವರುತ್ತಾರೆ.

"ತುಂಬಾ ಬಿಗಿ. ದಿನವೆಲ್ಲ ಹೇಗೆ ಹಾಕ್ಕೊಳ್ಳೋದು?" ಹುಡುಗಿ ಬೆಂಚಿನ ಕಡೆ ತಿರುಗಿ ಪಟ್ಟಿ ಸುತ್ತಿದ ಕೈಯನ್ನು ನೋಡುತ್ತಾಳೆ. "ನಿಮಗೆ ಯಾವಾಗ ಕೊಟ್ರು ಇದನ್ನ?"

ಬೇಕರಿಯಾಕೆ ಒಮ್ಮೆ ಟೇಪಕ್ಕನನ್ನು ನೋಡುತ್ತಾರೆ. "ಸ್ವಲ್ಪ ತಡವಾಯ್ತಮ್ಮ. ನಿನಗೆ ಬೇಗ ಸಿಕ್ಕಿದೆ, ಹಾಕ್ಕೋ."

ಹುಡುಗಿ ಹೋದ ಮೇಲೆ ಟೇಪಕ್ಕ ಗ್ಲೌಸ್ ಬಿಚ್ಚಿ ಕಿಟಕಿಯ ಸರಳಿಗೆ ಒಣಹಾಕುತ್ತಾರೆ. ಇಷ್ಟು ವರ್ಷದ ಈ ಕೆಲಸದಿಂದ ಏನಾಯಿತು ಅನ್ನಿಸುತ್ತದೆ ಎಂದು ಕೇಳುತ್ತೇನೆ. ಅವರು ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗುತ್ತಾರೆ.

"ಮೊದಲು ಇಷ್ಟು ಅಳತೆ ಬಂದ್ರೆ ಎಷ್ಟೋ ಜನಕ್ಕೆ 'ಮುಂದಿನ ಸಲ ನೋಡೋಣ' ಅಂತ ಕಳಿಸ್ಬೇಕಿತ್ತು. ಈಗ 'ಕೂತ್ಕೊಳ್ಳಿ, ತರ್ತೀನಿ' ಅಂತೀನಿ. ಅಷ್ಟೇ ವ್ಯತ್ಯಾಸ ನೋಡಿ. ಅಷ್ಟಕ್ಕೆ ಇಷ್ಟೆಲ್ಲ."