ಬಾವಿಯ ಹತ್ತಿರ ನಕ್ಕವನು

ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದ ನನಗೆ ನಾಟಕದ ಹುಚ್ಚು. ಅದು ಗೊತ್ತಿದ್ದ ಯಾರೋ ಹೇಳಿ, ಟಿ.ವಿ. ಚಾನೆಲ್ಲೊಂದರವರು ತಮ್ಮ ಕ್ರೈಂ ಕಾರ್ಯಕ್ರಮಕ್ಕೆ ನನ್ನನ್ನು ಕರೆಸಿದರು. ಮಾಗಡಿ ಕಡೆಯ ರೈತನೊಬ್ಬ ಹೆಂಡತಿಯನ್ನು ಬಾವಿಗೆ ತಳ್ಳಿದನೆಂದು ಪೊಲೀಸರು ಹಿಡಿದು ಇನ್ನೂ ವಾರವಾಗಿರಲಿಲ್ಲ. ಅವನ ಮೈಕಟ್ಟು, ಮೀಸೆ ನನ್ನ ಹಾಗೇ ಇತ್ತಂತೆ.

ತೆಂಗಿನ ತೋಟದ ಬಾವಿಯೊಂದರ ಬಳಿ ಶೂಟಿಂಗ್. "ತಳ್ಳಿದ ಮೇಲೆ ಸ್ವಲ್ಪ ನಗಿ," ಅಂದ ಡೈರೆಕ್ಟರ್.

"ಅವ್ನು ನಕ್ಕಿದ್ನಾ ಸಾರ್?"

"ನೋಡಿದೋರು ಯಾರಿದ್ದಾರೆ? ನಗಿ."

ನಕ್ಕೆ. ಕಾರ್ಯಕ್ರಮ ಬಂದ ಮಾರನೆಯ ದಿನ ಕಾರ್ಖಾನೆಯಲ್ಲಿ ಎಲ್ಲರೂ ಸುತ್ತುವರಿದರು. "ಏನ್ ಆಕ್ಟಿಂಗ್ ಕಣ್ಲಾ! ಮೈ ಜುಮ್ ಅಂದ್ಬುಡ್ತು!" ಆ ನಗುವನ್ನಷ್ಟೇ ಕತ್ತರಿಸಿ ಮೊಬೈಲಿನಿಂದ ಮೊಬೈಲಿಗೆ ಹಂಚಿದರು. ಸುಳ್ಳೇಕೆ, ನನಗೆ ಹೆಮ್ಮೆಯಾಗಿತ್ತು.

ಮೂರು ವರ್ಷ ಆ ರೈತ ಜೈಲಿನಲ್ಲೇ ಇದ್ದ. ಆಮೇಲೆ ಕೋರ್ಟು ಬಿಡುಗಡೆ ಮಾಡಿತು. ಹೆಂಡತಿಗೆ ಮೂರ್ಛೆ ರೋಗವಿತ್ತು, ಒಬ್ಬಳೇ ನೀರು ಸೇದಲು ಹೋಗಿದ್ದಳು, ತಳ್ಳಿದ್ದಕ್ಕೆ ಸಾಕ್ಷಿಯೇ ಇರಲಿಲ್ಲ. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಅದಕ್ಕೆ ಯಾರೂ ಕಾರ್ಯಕ್ರಮ ಮಾಡಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವನೇ ನನ್ನ ಮನೆ ಬಾಗಿಲಿಗೆ ಬಂದ. ಮೀಸೆ ಬೋಳಿಸಿದ್ದ, ಸೊರಗಿದ್ದ.

"ಜಗಳಕ್ಕೆ ಬಂದಿಲ್ಲ ಅಣ್ಣ. ನನ್ ಮಗಳು ಅವರಜ್ಜಿ ಮನೇಲವ್ಳೆ. ನನ್ ಹತ್ರ ಬರಾಕಿಲ್ಲ ಅಂತಾಳೆ. ಅಮ್ಮನ್ನ ತಳ್ಳಿ ನೀನು ನಗ್ತಿದ್ದೆ, ನಾನೇ ಮೊಬೈಲಲ್ಲಿ ನೋಡಿವ್ನಿ ಅಂತಾಳೆ. ಆ ನಗು ನಂದಲ್ಲ ಅಂತ ನೀವೊಂದ್ ಮಾತು ಹೇಳ್ಬೇಕು."

ಇಬ್ಬರೂ ಬಸ್ಸು ಹತ್ತಿದೆವು.

ಹುಡುಗಿಗೆ ಒಂಬತ್ತೋ ಹತ್ತೋ ಇರಬೇಕು. ನನ್ನ ಮುಖ ಕಂಡದ್ದೇ ಅಜ್ಜಿಯ ಸೆರಗು ಹಿಡಿದುಕೊಂಡಳು. ನಾನು ಹೊಸ್ತಿಲಾಚೆಯೇ ಕುಕ್ಕರಗಾಲಲ್ಲಿ ಕೂತು ಹೇಳಿದೆ: "ಮಗಾ, ಅದು ನಾಟಕ. ಬಾವಿ ಹತ್ರ ನಕ್ಕಿದ್ದು ನಾನು. ನಿಮ್ಮಪ್ಪ ಅಲ್ಲ."

ಅವಳು ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು.

"ಹಂಗಾದ್ರೆ ನಮ್ಮಮ್ಮನ್ನ ತಳ್ಳಿದ್ದು ನೀವಾ?"

ಯಾರೂ ತಳ್ಳಲಿಲ್ಲ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಅಜ್ಜಿ ಅಳಿಯನ ಕಡೆ ಕೈ ತೋರಿಸಿ, "ಕೋರ್ಟು ಬುಟ್ಟಿರ್ಬೋದು, ನಾನು ಬುಡಾಕಿಲ್ಲ," ಎಂದು ಬಾಗಿಲು ಹಾಕಿಕೊಂಡಳು.

ಚಾನೆಲ್ಲಿಗೆ ನಾಲ್ಕು ಸಲ ಅಲೆದೆ. ಅವರು ತಮ್ಮ ವಿಡಿಯೊ ತೆಗೆದುಹಾಕಿದರು. ಜನರ ಮೊಬೈಲಿನಲ್ಲಿರುವುದನ್ನು ಯಾರು ತೆಗೆಯುತ್ತಾರೆ? ಹೋದ ತಿಂಗಳು ಕನಕಪುರದ ಬಸ್ಸಿನಲ್ಲಿ ಹಿಂದಿನ ಸೀಟಿನವನು ಅದನ್ನೇ ನೋಡುತ್ತಿದ್ದ. ನನ್ನದೇ ನಗು ಕೇಳಿಸಿತು. ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ.

ನಾನು ಮತ್ತೆ ಬಣ್ಣ ಹಚ್ಚಲಿಲ್ಲ. ಅವನು ಆಗಾಗ ಮಗಳ ಶಾಲೆಯ ಕಾಂಪೌಂಡಿನಾಚೆ ನಿಂತು ಬರುತ್ತಾನಂತೆ. ಅವಳು ಈಗ ಓಡಿಹೋಗುವುದಿಲ್ಲವಂತೆ, ತಲೆ ತಗ್ಗಿಸಿ ಒಳಗೆ ಹೋಗುತ್ತಾಳಂತೆ.