ಗರಗರ ಎನ್ನುವ ಫ್ಯಾನು

ಎರಡು ಬೀದಿ ಆಚೆ ಬೇರೆ ಮನೆ ಮಾಡಿರುವ ದೊಡ್ಡ ಮಗಳಿಗೆ, ಅಪ್ಪ ಅಮ್ಮನಿಗೊಂದು ಅಗ್ಗದ ಕಂಪ್ಯೂಟರ್ ಜೋಡಿಸಿಕೊಡುವ ಹುಚ್ಚು ಹಿಡಿದು ಎಂಟು ತಿಂಗಳಾಯಿತು. ಅಂಚೆ ಕಚೇರಿಯ ಕೌಂಟರಿನಲ್ಲಿ ಮುದ್ರೆ ಒತ್ತುವಾಗಲೂ ಅವಳ ತಲೆಯಲ್ಲಿ ಮೆಮೊರಿ ನಾಲ್ಕು ಜಿಬಿ ಸಾಕೋ ಎಂಟು ಬೇಕೋ ಎಂಬುದೇ ಜಪ. ಯಾರ ಮನೆಯ ಮೂಲೆಯಲ್ಲಿ ಹಳೆಯ ಕಂಪ್ಯೂಟರ್ ಬಿದ್ದಿದೆ ಎಂಬ ವಾಸನೆ ಅವಳ ಮೂಗಿಗೆ ಹೇಗೋ ಬಡಿಯುತ್ತದೆ. "ಎಸೆಯೋದಾದ್ರೆ ನನಗೆ ಕೊಡಿ" ಎಂದು ಸಾಂತ್ವನ ಹೇಳಲು ಹೋದ ಮನೆಯಲ್ಲೂ ಕೇಳಿ ಬಂದವಳು. ಹೀಗೆ ಒಬ್ಬರ ಕೀಬೋರ್ಡು, ಇನ್ನೊಬ್ಬರ ಪರದೆ ಕೂಡಿ ಯಂತ್ರವೇನೋ ಅಪ್ಪ ಅಮ್ಮನ ಮನೆಯಲ್ಲಿ, ಅವಳ ಹಳೆಯ ರೂಮಿನಲ್ಲಿ ಎದ್ದು ಕೂತಿತು. ಇದರಲ್ಲಿ ಏನೇನು ಬೇಕು ಎಂದು ಕೇಳಿದರೆ ಅಪ್ಪ, "ನಿನಗೆ ಸರಿ ಅನ್ಸಿದ್ದು ಹಾಕಮ್ಮ" ಎನ್ನುತ್ತಾರೆ. ಅಮ್ಮ, "ಧೂಳು ಕೂರದಿದ್ರೆ ಸಾಕು" ಎನ್ನುತ್ತಾರೆ. ಈ ಎರಡು ಮಾತಿಗೂ ಹೊಂದುವ ಪ್ರೊಸೆಸರ್ ಯಾವುದೆಂದು ಅವಳಿಗೆ ಇವತ್ತಿಗೂ ತಿಳಿದಿಲ್ಲ. ಒಳಗಿನ ಹಳೆಯ ಫ್ಯಾನು ಮಾತ್ರ ಹಿಟ್ಟಿನ ಗಿರಣಿಯಂತೆ ಗರಗರ ಎನ್ನುತ್ತಿತ್ತು. ಎಣ್ಣೆ ಬಿಟ್ಟಳು, ಬಗ್ಗಲಿಲ್ಲ. ಬೇಸತ್ತು ಹೊಸದನ್ನೇ ಹಾಕಿದಳು. ಯಂತ್ರ ತುಟಿಪಿಟಕ್ಕೆನ್ನದೆ ನಡೆಯತೊಡಗಿತು. ಮೂರನೇ ದಿನಕ್ಕೇ ಅಪ್ಪನ ಫೋನು: "ಆ ಹಳೇ ಫ್ಯಾನ್ ಇದ್ರೆ ಅದನ್ನೇ ಹಾಕಿಬಿಡು." "ಚೆನ್ನಾಗೇ ನಡೀತಿದೆಯಲ್ಲಪ್ಪ, ಆ ಗಲಾಟೆ ಯಾಕೆ ಬೇಕು?" ಅಪ್ಪ ತಡವರಿಸಿದರು, ಫೋನು ಅಮ್ಮನ ಕೈಗೆ ಹೋಯಿತು. "ಸುಮ್ನೆ ಆನ್ ಮಾಡಿಟ್ಟು ನಾವು ಅಡುಗೆಮನೇಲಿ ಇರ್ತಿದ್ವಿ ಕಣೇ. ಆ ಸದ್ದು ಇದ್ರೆ, ನೀನು ಮೊದಲಿನ ಹಾಗೆ ರೂಮಲ್ಲಿ ಏನೋ ಬಿಚ್ಚಿಕೊಂಡು ಕೂತಿದ್ದೀಯ ಅನ್ಸೋದು." ಫೋನಿಟ್ಟು ಮಗಳು ಡಬ್ಬಿಯಿಂದ ಹಳೆಯ ಫ್ಯಾನು ತೆಗೆದು, ತಾನೇ ಬಿಟ್ಟಿದ್ದ ಎಣ್ಣೆಯನ್ನು ಒರೆಸತೊಡಗಿದಳು.