ಭೋರ್‌ನಲ್ಲಿ ಕಟ್ಟಿದ ಹರಳು

ಸ್ಕೂಟರಿನ ಡಿಕ್ಕಿಯಲ್ಲಿ ಮರೆತಿದ್ದ ಚಾಕಲೇಟು ನಮ್ಮ ಬಡಾವಣೆ ಕೋಥರೂಡದ ಬಿಸಿಲಿಗೆ ಕರಗಿ, ಫ್ರಿಜ್ಜಿನಲ್ಲಿ ಮತ್ತೆ ಗಟ್ಟಿಯಾದಾಗ ಅದರ ಮೈಮೇಲೆ ಬೂದಿಬಣ್ಣದ ಮಂಜು ಕವಿದಂತಿತ್ತು. “ಕೆಟ್ಟೇದ, ಒಗೀಲೇನು?” ಎಂದರು ನಮ್ಮ ಮನೆಯವರು. “ಕೆಟ್ಟಿಲ್ರಿ. ಅದೇ ಕೊಬ್ಬು, ಒಳಗ ಅಣು ಕೂತ ರೀತಿ ಬ್ಯಾರೆ ಆಗೇದ ಅಷ್ಟ,” ಎಂದೆ. ಅಷ್ಟು ಹೇಳುವಷ್ಟರಲ್ಲಿ ಮನಸ್ಸು ನಾನು ಕೆಲಸ ಮಾಡುವ ಔಷಧ ಪ್ರಯೋಗಾಲಯದ ಕಳೆದ ಚಳಿಗಾಲಕ್ಕೆ ತೇಲಿಹೋಗಿತ್ತು.

ಗೆಳೆಯರೇ, ಅಣು ಒಂದೇ ಆದರೂ ಹರಳಾಗುವಾಗ ಅವು ಒಂದಕ್ಕೊಂದು ಒರಗುವ ಭಂಗಿ ಬದಲಾದರೆ ವಸ್ತುವಿನ ಸ್ವಭಾವವೇ ಬದಲಾಗುತ್ತದೆ, ಬಹುರೂಪತೆಯೆಂದರೆ ಇದೇ. ನಾವು ತಯಾರಿಸುತ್ತಿದ್ದುದು ಮಕ್ಕಳ ಮೂರ್ಛೆರೋಗದ ಮಾತ್ರೆ. ಒಂದು ದಿನ ಅದು ನೀರಿನಲ್ಲಿ ಕರಗಲೇ ಇಲ್ಲ. ಶುದ್ಧತೆಯಲ್ಲಿ ಕೊರತೆಯಿರಲಿಲ್ಲ, ಆದರೆ ಕರಗದ ಮಾತ್ರೆ ಮಗುವಿನ ಹೊಟ್ಟೆಯಲ್ಲಿ ಇದ್ದೂ ಇಲ್ಲದಂತೆ. ವರ್ಷಗಳ ಹಿಂದೆ ಈ ಔಷಧವನ್ನು ಮೊದಲು ಹರಳುಗಟ್ಟಿಸಿದ, ನಮ್ಮ ಪ್ರಯೋಗಾಲಯದ ಹಿರಿಯರಾದ ಬೆಳಗಾವಿಯ ಮಂದಾಕಿನಿಯಕ್ಕ ಪುಡಿಯ ಮೇಲೆ ಕ್ಷ-ಕಿರಣ ಹಾಯಿಸಿದರು. ಪರದೆಯ ಮೇಲೆ ಎದ್ದ ಗೆರೆಗಳ ಶಿಖರಸಾಲು ಹಳೆಯದಕ್ಕೆ ಹೊಂದಲಿಲ್ಲ.

“ಇದು ಹೊಸಾ ರೂಪ ನೋಡವಾ,” ಎಂದರು ಮೆಲ್ಲಗೆ.

ತಯಾರಿ ನಿಂತಿತು. ಹಳೆಯ ರೂಪಕ್ಕಾಗಿ ಎಷ್ಟು ಹೆಣಗಿದರೂ ಪಾತ್ರೆಯ ತಳದಲ್ಲಿ ಹೊಸದೇ ಕೂರುತ್ತಿತ್ತು. ಗಾಳಿಯಲ್ಲಿ, ನಮ್ಮ ಕೂದಲಲ್ಲಿ, ಸೆರಗಿನಲ್ಲಿ ಸೇರಿಕೊಂಡ ಅದರ ಕಾಣದ ಕಣವೊಂದು ದ್ರಾವಣಕ್ಕೆ ಬಿದ್ದರೆ ಸಾಕು, ಉಳಿದ ಅಣುಗಳೆಲ್ಲ ಅದರಂತೆಯೇ ಕೂತುಬಿಡುತ್ತಿದ್ದವು. ಸಂಜೆ ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರನ್ನು ನೋಡುತ್ತ, ನಮಗೇ ಅರಿಯದೆ ನಾವು ಯಾರಿಂದ ಏನೇನು ಹೊತ್ತು ತರುತ್ತೇವೋ, ಯಾರ ಮೇಲೆ ಏನೇನು ಉದುರಿಸಿ ಹೋಗುತ್ತೇವೋ ಎಂದು ಕನಸಿನಲ್ಲಿದ್ದವಳಂತೆ ಯೋಚಿಸುತ್ತಿದ್ದೆ.

ಕೊನೆಗೆ ಭೋರ್ ಎಂಬ ಊರಿನಲ್ಲಿ, ಆ ಕಣ ಇನ್ನೂ ಸೋಕದ ಒಂದು ಹೊಸ ಪ್ರಯೋಗಾಲಯ ಸಿಕ್ಕಿತು. ನಮ್ಮ ಕೋಣೆಗೆ ಎಂದೂ ಕಾಲಿಡದ ಅನುಜಾ ಎಂಬ ಹೊಸ ರಸಾಯನಜ್ಞೆಯನ್ನು ಅಲ್ಲಿಗೆ ಕಳಿಸುವುದೆಂದಾಯಿತು. “ಅಕ್ಕಾರ, ನೀವೂ ಬರ್ರಿ, ನಿಮಗ ಗೊತ್ತಿದ್ದಷ್ಟು ನನಗ ಗೊತ್ತಿಲ್ಲ,” ಎಂದು ಅವಳು ಫೋನಿನಲ್ಲಿ ಅಂಜಿದಳು.

“ನಾ ಬಂದ್ರ ಅದೂ ನನ್ನ ಸಂಗಾಟ ಬರ್ತದ. ನೀ ಒಬ್ಬಾಕೀನ ಮಾಡಬೇಕು,” ಎಂದರು ಮಂದಾಕಿನಿಯಕ್ಕ. ಆಮೇಲೆ ದ್ರಾವಣವನ್ನು ಎಷ್ಟು ನಿಧಾನವಾಗಿ ತಣಿಸಬೇಕೆಂದು ತಾಯಿಯಂತೆ ಬಿಡಿಸಿ ಹೇಳಿದರು.

ಕೆಲವು ದಿನಗಳ ನಂತರ ಅನುಜಾಳ ಕರೆ ಬಂತು. “ಸೂಜಿ ಹಂಗ ಬಂದಾವ್ರಿ. ಕ್ಷ-ಕಿರಣದಾಗೂ ಹಳೇದ ಕಾಣ್ಸೇದ.”

“ನೀರಾಗ ಹಾಕಿದೇನು?”

“ಕರಗಿದ್ವು ರೀ.”

ಮಂದಾಕಿನಿಯಕ್ಕ ಫೋನು ಕೆಳಗಿಟ್ಟರು. ಆ ಸಂಭ್ರಮದಲ್ಲಿ ನಾನು ಎಲ್ಲ ಮರೆತು, “ಒಮ್ಮೆ ಹೋಗಿ ನೋಡಿ ಬರೂಣೇನ್ರಿ?” ಎಂದುಬಿಟ್ಟೆ.

“ಬ್ಯಾಡವಾ,” ಎಂದರು ನಗುತ್ತ. “ಮಾತ್ರೆ ಆಗಿ ಬರಲಿ. ಎಲ್ಲಾರ ಹಂಗ ಔಷಧದ ಅಂಗಡ್ಯಾಗ ನೋಡೂಣು.”